ಅಂಕಪಟ್ಟಿಯಲ್ಲಿ ಹಾಡಿಗೇ ಅಂಕವಿರಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ತಮ್ಮ ಪತ್ರಿಕೆಯ ಪುರವಣಿಯಲ್ಲಿ ಮಲೆನಾಡಿನ ಯುವಕರು ತಯಾರಿಸುತ್ತಿರುವ ಆಲ್ಬಂ ಸಾಂಗ್‌ಗಳ ಕುರಿತು ಬಂದ ಲೇಖನವನ್ನು ಸಂತೋಷದಿಂದ ಓದಿದೆ. ಸಿನಿಮಾದ ಆಸರೆಯಿಲ್ಲದೆ ತಾವೇ ಬರೆದು, ತಾವೇ ರಾಗ ಹಾಕಿ, ಗೆಳೆಯರ ಕ್ಯಾಮೆರಾದಲ್ಲಿ ಚಿತ್ರೀಕರಿಸಿ ಯೂಟ್ಯೂಬ್‌ಗೆ ಏರಿಸುವ ಹುಡುಗ ಹುಡುಗಿಯರು ನಮ್ಮ ಜಿಲ್ಲೆಯಲ್ಲಿ ಇಷ್ಟು ಮಂದಿ ಇದ್ದಾರೆಂಬುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಆ ಲೇಖನ ಪ್ರತಿಯೊಂದು ವಿಡಿಯೋವನ್ನೂ ಎರಡೇ ಕೋಲಿನಿಂದ ಅಳೆದಿತ್ತು: ಎಷ್ಟು ಜನ ನೋಡಿದರು, ಎಲ್ಲೆಲ್ಲಿ ಶೂಟಿಂಗ್ ನಡೆಯಿತು. ಹಾಡು ಯಾವ ಬಗೆಯದು, ಅದು ಹೇಳುವುದೇನು, ದೃಶ್ಯ ಅದಕ್ಕೆ ಏನನ್ನು ಕೂಡಿಸಿತು ಎಂಬ ಮಾತು ಎಲ್ಲಿಯೂ ಬರಲಿಲ್ಲ. ಇದು ಆ ಲೇಖಕರೊಬ್ಬರ ಕೊರತೆಯಲ್ಲ ಎಂಬುದು ಇತ್ತೀಚೆಗೆ ಸ್ವಂತ ಅನುಭವದಿಂದ ತಿಳಿದದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದಲ್ಲಿ 25 ವರ್ಷಕ್ಕೂ ಹೆಚ್ಚು ಕಾಲ ಮದುವೆ, ಉಪನಯನ, ಗೃಹಪ್ರವೇಶಗಳ ವಿಡಿಯೋ ತೆಗೆದವನು. ವಿಎಚ್‌ಎಸ್ ಕ್ಯಾಸೆಟ್ಟಿನ ಕಾಲದಲ್ಲಿ ಧಾರೆಯ ದೃಶ್ಯಕ್ಕೆ ಸಿನಿಮಾ ಹಾಡು ಅಂಟಿಸಿ, ವಧೂವರರ ಮುಖದ ಸುತ್ತ ಹೃದಯದಾಕಾರದ ಚೌಕಟ್ಟು ತಿರುಗಿಸಿದ ಪಾಪದಲ್ಲಿ ನನಗೂ ಪಾಲಿದೆ. ಹಾಗಾಗಿ ಇದನ್ನು ಯಾರಿಗೂ ಬುದ್ಧಿ ಹೇಳುವ ಉತ್ಸಾಹದಿಂದ ಬರೆಯುತ್ತಿಲ್ಲ.

ಎರಡು ತಿಂಗಳ ಹಿಂದೆ ಇಲ್ಲಿಯ ಕಾಲೇಜೊಂದರ ಸಾಂಸ್ಕೃತಿಕ ಉತ್ಸವದಲ್ಲಿ ಮ್ಯೂಸಿಕ್ ವಿಡಿಯೋ ಸ್ಪರ್ಧೆ ಏರ್ಪಟ್ಟಿತ್ತು. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಕೈಗೆ ಕೊಟ್ಟ ಅಂಕಪಟ್ಟಿಯಲ್ಲಿ ಛಾಯಾಗ್ರಹಣಕ್ಕೆ 30, ಲೊಕೇಶನ್‌ಗೆ 20, ಎಡಿಟಿಂಗ್‌ಗೆ 20, ನೃತ್ಯ ಮತ್ತು ವೇಷಭೂಷಣಕ್ಕೆ 20, ‘ಒಟ್ಟು ಪರಿಣಾಮ’ ಎಂಬುದಕ್ಕೆ 10 ಅಂಕಗಳಿದ್ದವು. ಹಾಡಿಗೆ ಒಂದು ಅಂಕವೂ ಇರಲಿಲ್ಲ. ಬಂದಿದ್ದ 14 ವಿಡಿಯೋಗಳಲ್ಲಿ 9 ಡ್ರೋನ್ ಶಾಟ್‌ನಿಂದಲೇ ಆರಂಭವಾದವು. ಅವುಗಳಲ್ಲಿ ಐದು ಜೋಗದ ನೆತ್ತಿಯ ಮೇಲೆ ಹಾರಿದವು. ಎರಡು ವಿಡಿಯೋಗಳಲ್ಲಿ ಒಂದೇ ಶಾಟ್ ಇದ್ದಂತೆ ನನಗೆ ತೋರಿತು. ವಿಚಾರಿಸಿದಾಗ, ಡ್ರೋನ್ ಬಾಡಿಗೆಗೆ ಕೊಟ್ಟವರೇ ಹಳೆಯ ಶಾಟ್‌ಗಳನ್ನೂ ಜೊತೆಗೆ ಕೊಟ್ಟಿದ್ದರೆಂದು ತಿಳಿಯಿತು.

ಮೊದಲ ಬಹುಮಾನ ಒಂದು ರ‍್ಯಾಪ್ ಹಾಡಿಗೆ ಹೋಯಿತು. ಸಾಹಿತ್ಯ ನಿಜಕ್ಕೂ ಚೆನ್ನಾಗಿತ್ತು: ನಿಂತುಕೊಂಡೇ ಹೋಗಬೇಕಾದ ಬೆಳಗಿನ ಬಸ್ಸು, ಮತ್ತೆ ಮತ್ತೆ ಫೇಲಾಗುವ ಸಬ್ಜೆಕ್ಟು, ಅಡಿಕೆ ದರ ಬಿದ್ದ ದಿನ ಊಟಕ್ಕೆ ಕೂತ ಅಪ್ಪನ ಮೌನ, ಬೆಂಗಳೂರಿಗೆ ಹೋಗಿ ಫೋನಿಗೆ ಸಿಗದ ಅಣ್ಣ. ಆದರೆ ತೆರೆಯ ಮೇಲೆ ಕಂಡದ್ದು ಯಾರಿಂದಲೋ ಎರವಲು ತಂದ ಕಾರು, ಕವಲೇದುರ್ಗದ ಕೋಟೆಗೋಡೆಯ ಮೇಲೆ ಕಪ್ಪು ಕನ್ನಡಕ ಧರಿಸಿ ಕೈ ಬೀಸುವ ನಾಲ್ವರು, ನಡುನಡುವೆ ಜೋಗ. ಬಸ್ಸೂ ಇಲ್ಲ, ಅಪ್ಪನೂ ಇಲ್ಲ. ಯಾಕಪ್ಪಾ ಎಂದು ಕೇಳಿದರೆ, ‘ರ‍್ಯಾಪ್ ವಿಡಿಯೋ ಅಂದ್ರೆ ಹಾಗೇ ಅಲ್ವಾ ಸರ್’ ಎಂದರು.

ಈ ‘ಹಾಗೇ’ ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಪ್ರತಿ ಬಗೆಯ ಸಂಗೀತಕ್ಕೂ ದೃಶ್ಯದ ಒಂದು ರೂಢಿ ಇರುತ್ತದೆ ಎಂಬುದು ನಿಜ. ಭಕ್ತಿಗೀತೆಯೆಂದರೆ ಗೋಪುರ, ಅಭಿಷೇಕ, ಮಂಗಳಾರತಿ. ಭಾವಗೀತೆಯೆಂದರೆ ಹಾರ್ಮೋನಿಯಂ, ಶಾಲು, ಗಾಯಕರ ಮುಖದತ್ತ ನಿಧಾನವಾಗಿ ಸರಿಯುವ ಕ್ಯಾಮೆರಾ. ಸಿನಿಮಾ ಹಾಡೆಂದರೆ ಪಲ್ಲವಿಗೊಂದು ಚರಣಕ್ಕೊಂದು ಸೀರೆ. ಆದರೆ ಯಾವ ರೂಢಿಯೂ ಕಾರಣವಿಲ್ಲದೆ ಹುಟ್ಟುವುದಿಲ್ಲ. ಭಾವಗೀತೆಯಲ್ಲಿ ಕವಿಯ ಮಾತು ಮುಂದೆ ನಿಲ್ಲಬೇಕು, ಗಾಯಕ ಒಂದು ಪದವನ್ನು ಹೇಗೆ ನಿಲ್ಲಿಸಿ ಬಿಡುತ್ತಾನೆ ಎಂಬುದು ಮುಖದಲ್ಲಿ ಕಾಣಬೇಕು. ದೂರದರ್ಶನದ ಕ್ಯಾಮೆರಾ ಹಾಗೆ ಕದಲದೆ ಕೂತದ್ದಕ್ಕೆ ಬಡತನದ ಜೊತೆಗೆ ಈ ವಿವೇಕವೂ ಕಾರಣವಾಗಿತ್ತು. ಸಿನಿಮಾಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಶಿವಮೊಗ್ಗ ಸುಬ್ಬಣ್ಣನವರು ವೇದಿಕೆಯ ಮೇಲೆ ಹಾಡುವುದನ್ನು ಕಂಡವರಿಗೆ, ಆ ಮುಖವೊಂದಿದ್ದರೆ ಬೇರೆ ದೃಶ್ಯ ಬೇಕಿರಲಿಲ್ಲವೆಂಬುದು ಗೊತ್ತು.

ರ‍್ಯಾಪ್‌ನ ರೂಢಿಗೂ ಹೀಗೆಯೇ ಒಂದು ಬೇರಿದೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡ ಬಡಾವಣೆಯ ಬೀದಿಕೂಟಗಳಲ್ಲಿ ಬೆಳೆದ ಕಲೆ ಅದು. ಹಾಡುವವನು ತನ್ನ ಕೇರಿಯಲ್ಲಿ ನಿಂತು, ತನ್ನ ಗೆಳೆಯರನ್ನು ಬೆನ್ನಿಗೆ ನಿಲ್ಲಿಸಿಕೊಂಡು, ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಮಾತಾಡುವುದು ಅದರ ಮೊದಲ ಲಕ್ಷಣ. ಕಾರು ಮತ್ತು ಚಿನ್ನದ ಸರ ದುಡ್ಡು ಬಂದ ಮೇಲೆ ಸೇರಿಕೊಂಡ ಒಡವೆಗಳು. ನಮ್ಮ ಹುಡುಗರು ಒಡವೆಯನ್ನು ತಂದರು, ಕೇರಿಯನ್ನು ಬಿಟ್ಟರು. ಗೋಪಿ ಸರ್ಕಲ್‌ನಲ್ಲೋ ಗಾಂಧಿ ಬಜಾರಿನ ಇಕ್ಕಟ್ಟಿನಲ್ಲೋ ಖಾಸಗಿ ಬಸ್ ನಿಲ್ದಾಣದಲ್ಲೋ ನಿಂತು ಅದೇ ಸಾಲುಗಳನ್ನು ಹೇಳಿದ್ದರೆ ಅವರ ವಿಡಿಯೋ ರ‍್ಯಾಪ್‌ನ ಜಾಯಮಾನಕ್ಕೂ ಹತ್ತಿರವಾಗುತ್ತಿತ್ತು, ಶಿವಮೊಗ್ಗದ್ದೂ ಆಗುತ್ತಿತ್ತು.

ನಾನು ಹೆಚ್ಚು ಅಂಕ ಕೊಟ್ಟ ವಿಡಿಯೋ ಬೇರೆ. ತೀರ್ಥಹಳ್ಳಿ ಕಡೆಯ ಮೂವರು ವಿದ್ಯಾರ್ಥಿಗಳು ಅಂಟಿಗೆ-ಪಂಟಿಗೆಯ ಹಾಡೊಂದನ್ನು ಚಿತ್ರಿಸಿದ್ದರು. ಘಟ್ಟದ ಕೆಳಗಿನ ಮತ್ತು ಬಯಲುಸೀಮೆಯ ಓದುಗರಿಗಾಗಿ ಹೇಳುವುದಾದರೆ, ದೀಪಾವಳಿಯ ರಾತ್ರಿಗಳಲ್ಲಿ ಹಾಡುಗಾರರ ತಂಡ ಹೊತ್ತಿಸಿದ ದೀಪವನ್ನು ಆರದಂತೆ ಕಾಪಾಡಿಕೊಂಡು ಮನೆಯಿಂದ ಮನೆಗೆ ನಡೆಯುತ್ತದೆ. ಬಾಗಿಲಲ್ಲಿ ನಿಂತು ಹಾಡುತ್ತದೆ. ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ದೀಪ ಹೊತ್ತಿಸಿಕೊಂಡು, ಕಾಣಿಕೆ ಕೊಟ್ಟು ಕಳುಹಿಸುತ್ತಾರೆ. ಈ ಪದ್ಧತಿಯನ್ನು ಚಿತ್ರಿಸುವವರೆಲ್ಲರೂ ಸಾಮಾನ್ಯವಾಗಿ ಹಾಡುಗಾರರ ಹಿಂದೆ ಓಡುತ್ತಾರೆ. ಈ ಮೂವರು ಕ್ಯಾಮೆರಾವನ್ನು ಮನೆಯ ಒಳಗಿಟ್ಟು ಕಾದರು. ಮೊದಲ ಒಂದು ನಿಮಿಷ ತೆರೆಯ ಮೇಲೆ ಕತ್ತಲು, ಮುಚ್ಚಿದ ಬಾಗಿಲು, ನಿದ್ದೆಗಣ್ಣಿನಲ್ಲಿ ಎದ್ದು ಕೂತ ಒಂದು ಮಗು. ಹಾಡು ತೋಟದಾಚೆ ಎಲ್ಲೋ ಇದೆ, ನಾಯಿ ಬೊಗಳುತ್ತದೆ, ದನಿ ಹತ್ತಿರವಾಗುತ್ತಾ ಬಾಗಿಲ ಸಂದಿನಲ್ಲಿ ಬೆಳಕಿನ ಗೆರೆಯೊಂದು ಮೂಡಿ ಅಗಲವಾಗುತ್ತದೆ. ಸೊಲ್ಲು ಎರಡನೆಯ ಬಾರಿ ಮರಳುವಾಗ ಅಜ್ಜಿ ಅಗುಳಿ ತೆಗೆಯುತ್ತಾರೆ, ದೀಪ ಒಳಗೆ ಬರುತ್ತದೆ. ಆಮೇಲೆ ಇಡೀ ವಿಡಿಯೋದಲ್ಲಿ ಆ ದೀಪದ್ದಲ್ಲದೆ ಬೇರೆ ಬೆಳಕಿಲ್ಲ.

ನನ್ನ ಜೊತೆಯ ತೀರ್ಪುಗಾರರು ಚಿತ್ರ ಕಾಳುಕಾಳಾಗಿದೆ, ಲೈಟಿಂಗ್ ಸಾಲದು, ಲೊಕೇಶನ್ ಒಂದೇ ಇದೆ ಎಂದರು. ಅಂಕಪಟ್ಟಿಯ ಪ್ರಕಾರ ಅವರ ಮಾತೆಲ್ಲವೂ ಸರಿ. ಆ ವಿಡಿಯೋಗೆ ಸಮಾಧಾನಕರ ಬಹುಮಾನವೂ ಸಿಗಲಿಲ್ಲ.

ಕಲ್ಪನೆ ಎಂದರೆ ನನ್ನ ಮಟ್ಟಿಗೆ ಆ ಮುಚ್ಚಿದ ಬಾಗಿಲು. ಹಾಡು ಹೇಗೆ ಕಟ್ಟಿಕೊಂಡಿದೆಯೋ ಅದರೊಳಗಿಂದಲೇ ದೃಶ್ಯ ಹುಟ್ಟಬೇಕು. ಅಂಟಿಗೆ-ಪಂಟಿಗೆ ಹೊರಗಿನಿಂದ ಒಳಗೆ ಬರುವ ಹಾಡು, ಆದ್ದರಿಂದ ನೋಡುವವನು ಒಳಗಿರಬೇಕು ಎಂದು ಕಂಡುಕೊಳ್ಳಲು ದುಡ್ಡು ಬೇಕಾಗಲಿಲ್ಲ. ಹೊರದೇಶದಲ್ಲಿಯೂ ಹೆಸರಾದ ಎಷ್ಟೋ ವಿಡಿಯೋಗಳು ಹೀಗೆಯೇ ಹುಟ್ಟಿದವು. ಅಮೆರಿಕದ ಓಕೆ ಗೋ ಎಂಬ ಸಂಗೀತ ತಂಡ 2006ರಲ್ಲಿ ಎಂಟು ಟ್ರೆಡ್‌ಮಿಲ್‌ಗಳ ಮೇಲೆ ಕುಣಿದ ವಿಡಿಯೋದಲ್ಲಿ ಕ್ಯಾಮೆರಾ ಒಂದೇ ಕಡೆ ನಿಂತಿದೆ, ಒಂದೇ ಒಂದು ಕಟ್ ಇಲ್ಲ. ನಾಲ್ವರ ಅಭ್ಯಾಸವೇ ಅದರ ಬಂಡವಾಳ. ಅಮೆರಿಕದ ಗಾಯಕ ಬಾಬ್ ಡಿಲನ್ 1965ರಲ್ಲಿ ಲಂಡನ್ನಿನ ಗಲ್ಲಿಯೊಂದರಲ್ಲಿ ನಿಂತು, ಹಾಡಿನ ಪದಗಳನ್ನು ಬರೆದ ರಟ್ಟುಗಳನ್ನು ಒಂದೊಂದಾಗಿ ತೋರಿಸಿ ಬಿಸಾಡುತ್ತಾ ಹೋದ ದೃಶ್ಯವಂತೂ ನಾವು ಇಂದು ‘ಲಿರಿಕಲ್ ವಿಡಿಯೋ’ ಎನ್ನುವುದರ ಅಜ್ಜ. ವ್ಯತ್ಯಾಸವೆಂದರೆ, ನಮ್ಮ ಲಿರಿಕಲ್ ವಿಡಿಯೋಗಳಲ್ಲಿ ಅಕ್ಷರಗಳು ಹೊಳೆಯುತ್ತಾ ಕುಣಿಯುತ್ತಾ ಬರುತ್ತವೆ, ಕಾಗುಣಿತ ಮಾತ್ರ ತಪ್ಪಿರುತ್ತದೆ. ಡಿಲನ್‌ನ ರಟ್ಟುಗಳಲ್ಲೂ ತಪ್ಪುಗಳಿದ್ದವು, ಆದರೆ ಅವು ಬೇಕೆಂದೇ ಮಾಡಿದ ತಪ್ಪುಗಳು.

ನಾನು ಡ್ರೋನ್ ವಿರೋಧಿಯೆಂದು ತಾವು ಭಾವಿಸಬಾರದು. ಡೊಳ್ಳು ಕುಣಿತದವರು ವೃತ್ತ ಕಟ್ಟಿ, ವೃತ್ತ ಒಡೆದು, ಮತ್ತೆ ಕಟ್ಟುವ ಚೆಂದ ಮೇಲಿನಿಂದ ಕಾಣುವಷ್ಟು ನೆಲದಿಂದ ಕಾಣುವುದಿಲ್ಲ. ಅಲ್ಲಿ ಡ್ರೋನ್‌ಗೆ ಕೆಲಸವಿದೆ. ಆದರೂ ಡೊಳ್ಳಿನ ಪೆಟ್ಟು ಎದೆಗೆ ಬಡಿಯಬೇಕಾದರೆ ಕ್ಯಾಮೆರಾ ಕೆಳಗಿಳಿದು ಬೆವರು ಹಾರುವ ಅಂತರಕ್ಕೆ ಬರಲೇಬೇಕು. ಜಾಗಗಳ ವಿಷಯವೂ ಅಷ್ಟೇ. 1988ರ ಸ್ವಾತಂತ್ರ್ಯ ದಿನದಂದು ದೂರದರ್ಶನ ಪ್ರಸಾರ ಮಾಡಿದ ‘ಮಿಲೇ ಸುರ್ ಮೇರಾ ತುಮ್ಹಾರಾ’ ದೇಶದುದ್ದಗಲದ ಎಷ್ಟೊಂದು ತಾಣಗಳನ್ನು ತೋರಿಸಿತು! ಗದುಗಿನ ಮಣ್ಣಿನಿಂದ ಬಂದ ಭೀಮಸೇನ ಜೋಶಿಯವರ ದನಿಯಿಂದ ಹೊರಟ ಆ ರಾಗ ಊರೂರು ದಾಟಿದಂತೆ ಭಾಷೆ ಬದಲಾಯಿತು, ವಾದ್ಯ ಬದಲಾಯಿತು, ಹಾಡುವವರ ಉಡುಗೆ ಬದಲಾಯಿತು. ಆದ್ದರಿಂದ ಹಿಂದಿನ ನೆಲ ಬದಲಾಗುವುದಕ್ಕೆ ಅರ್ಥವಿತ್ತು.

ಜೋಗದ ಮಾತೇ ಬಂದದ್ದರಿಂದ ಒಂದು ವಿಷಯ. 253 ಮೀಟರ್ ಎತ್ತರದ ಈ ಜಲಪಾತವನ್ನು ಎಲ್ಲ ವಿಡಿಯೋಗಳೂ ಮಳೆಗಾಲದ ಅಬ್ಬರದಲ್ಲಿಯೇ ತೋರಿಸುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ವರ್ಷದ ಹೆಚ್ಚು ತಿಂಗಳು ಶರಾವತಿ ಅಲ್ಲಿ ಸಣ್ಣ ಎಳೆಯಾಗಿ ಇಳಿಯುತ್ತಾಳೆ, ಬೇಸಿಗೆಯಲ್ಲಿ ಬರಿಯ ಕಪ್ಪು ಬಂಡೆ ಉಳಿಯುತ್ತದೆ. ಸ್ಪರ್ಧೆಗೆ ಬಂದಿದ್ದ ಒಂದು ವಿರಹಗೀತೆ ಬತ್ತಿದ ಕೆರೆ, ಒಣಗಿದ ಗಂಟಲು ಎಂದೆಲ್ಲ ಹಾಡುತ್ತಿದ್ದಾಗ ತೆರೆಯ ಮೇಲೆ ನಾಲ್ಕು ಕವಲೂ ಧುಮ್ಮಿಕ್ಕುತ್ತಿದ್ದವು. ಏಪ್ರಿಲ್ ತಿಂಗಳ ಜೋಗವನ್ನು ಆ ಹಾಡಿಗೆ ಯಾರಾದರೂ ತೋರಿಸಿದ್ದರೆ ನಾನು ಲೊಕೇಶನ್‌ನ ಪೂರ್ತಿ 20 ಅಂಕವನ್ನೂ ಕೊಡುತ್ತಿದ್ದೆ.

ತಾಂತ್ರಿಕತೆಯ ಬಗ್ಗೆಯೂ ಎರಡು ಮಾತು, ಏಕೆಂದರೆ ‘ಕ್ವಾಲಿಟಿ’ ಎಂಬ ಪದವನ್ನು ನಾವು ದುಬಾರಿ ಕ್ಯಾಮೆರಾಕ್ಕೆ ಪರ್ಯಾಯಪದವಾಗಿ ಬಳಸತೊಡಗಿದ್ದೇವೆ. ನಿಮಿಷಕ್ಕೆ 100 ಪೆಟ್ಟಿನ ಹಾಡನ್ನು ಸೆಕೆಂಡಿಗೆ 25 ಫ್ರೇಮಿನ, ಅಂದರೆ 25 ಬಿಡಿ ಚಿತ್ರಗಳ, ವಿಡಿಯೋಗೆ ಜೋಡಿಸುವಾಗ ಒಂದು ಪೆಟ್ಟಿಗೆ ಸರಿಯಾಗಿ 15 ಫ್ರೇಮ್ ಬರುತ್ತದೆ. ಈ ಲೆಕ್ಕ ಸಿಕ್ಕ ಕೂಡಲೇ ಪ್ರತಿ 15 ಫ್ರೇಮಿಗೂ ಕಟ್ ಹಾಕುವ ಆಸೆ ಎಲ್ಲರಿಗೂ ಹುಟ್ಟುತ್ತದೆ, ನನಗೂ ಹುಟ್ಟಿತ್ತು. ಆದರೆ ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಅದು ಗಡಿಯಾರದ ಮುಳ್ಳು ನೋಡಿದಂತಾಗುತ್ತದೆ. ತಾಳ ಬಲ್ಲ ಎಡಿಟರ್ ಕೆಲವು ಪೆಟ್ಟುಗಳನ್ನು ಬಿಟ್ಟುಕೊಡುತ್ತಾನೆ. ಡೊಳ್ಳಿನಂಥ ವಾದ್ಯವಾದರೆ ಪೆಟ್ಟಿಗಿಂತ ಎರಡು ಮೂರು ಫ್ರೇಮ್ ಮೊದಲೇ ಕಟ್ ಹಾಕಿ, ಎತ್ತಿದ ಕೈ ಕಣ್ಣಿಗೆ ಬಿದ್ದ ಮೇಲೆ ಸದ್ದು ಕೇಳುವಂತೆ ಮಾಡುತ್ತಾನೆ. ಹಾಗೆಯೇ ಸ್ಲೋ ಮೋಷನ್. ಹಾಡುವವನನ್ನು ನಿಧಾನಗೊಳಿಸಿದರೆ ತುಟಿ ಹಾಡಿನಿಂದ ತಪ್ಪಿಹೋಗುತ್ತದೆಂದು ಹುಡುಗರು ಅಂಥ ಕಡೆಯೆಲ್ಲ ಹಾಡುವವನ ಬೆನ್ನು ತೋರಿಸಿದ್ದರು. ಶೂಟಿಂಗ್ ಜಾಗದಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ, ಅದೇ ವೇಗಕ್ಕೆ ತುಟಿ ಆಡಿಸಲು ಹೇಳಿ, ಸೆಕೆಂಡಿಗೆ 50 ಫ್ರೇಮಿನಂತೆ ತೆಗೆದು 25ರಲ್ಲಿ ಓಡಿಸಿದರೆ, ತುಟಿ ಹಾಡಿಗೆ ಸರಿಯಾಗಿ ಕೂಡುತ್ತದೆ. ಮಳೆಹನಿ, ಸೆರಗು, ಬಾಳೆಲೆ ಮಾತ್ರ ನಿಧಾನವಾಗಿ ಅಲುಗುತ್ತವೆ. ಇದು ಬಹಳ ಹಳೆಯ ಉಪಾಯ, ಈಗಿನ ಮೊಬೈಲಿನಲ್ಲಿಯೇ ಸಾಧ್ಯ. ಇದನ್ನು ಹೇಳಿಕೊಟ್ಟಾಗ ಆ ಮಕ್ಕಳ ಮುಖದಲ್ಲಿ ಕಂಡ ಬೆರಗನ್ನು ನೋಡಿದರೆ, ಅವರಿಗೆ ಇಲ್ಲಿಯವರೆಗೆ ಸಿಕ್ಕಿರುವುದು ಬಹುಮಾನಗಳೇ ಹೊರತು ಪಾಠವಲ್ಲ ಎನಿಸಿತು.

ಅಂಥ ಪಾಠಕ್ಕೆ ನಮ್ಮ ಜಿಲ್ಲೆಯಲ್ಲಿ ದಾರಿ ಇಲ್ಲದಿಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆಯವರು 1970ರ ದಶಕದಲ್ಲಿಯೇ ಲೋಕದ ಸಿನಿಮಾಗಳನ್ನು ತಂದು ತೋರಿಸಿ, ತೋಟದ ಕೆಲಸ ಮುಗಿಸಿ ಬಂದವರೊಡನೆ ಕೂತು ಚರ್ಚಿಸಿದರು. ನಾಲ್ಕು ನಿಮಿಷದ ಹಾಡಿನ ವಿಡಿಯೋ ಕೂಡ ಹಾಗೆ ಒಮ್ಮೆ ಸದ್ದು ನಿಲ್ಲಿಸಿ, ಒಮ್ಮೆ ಚಿತ್ರ ಮುಚ್ಚಿ, ಮತ್ತೊಮ್ಮೆ ಎರಡನ್ನೂ ಕೂಡಿಸಿ ನೋಡಿ ಮಾತಾಡಲು ಯೋಗ್ಯವಾದ ವಸ್ತುವೆಂದು ಕಾಲೇಜುಗಳು ಒಪ್ಪಿದರೆ ಸಾಕು. ಸಭಾಂಗಣವೂ ಪ್ರೊಜೆಕ್ಟರೂ ಈಗಾಗಲೇ ಇವೆ.

ತಮ್ಮ ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟು. ಇನ್ನು ಮುಂದೆ ಇಂಥ ಹಾಡುಗಳ ಬಗ್ಗೆ ಬರೆಯುವಾಗ ವೀಕ್ಷಣೆಯ ಸಂಖ್ಯೆಗಿಂತ ಮೊದಲು ಸಾಹಿತ್ಯ ಬರೆದವರ, ರಾಗ ಹಾಕಿದವರ, ಎಡಿಟ್ ಮಾಡಿದವರ ಹೆಸರು ಬರಲಿ; ಜನಪದ ಹಾಡಾದರೆ ಅದನ್ನು ಯಾವ ಊರಿನ ಹಾಡುಗಾರರಿಂದ ಪಡೆದದ್ದೆಂಬ ಒಂದು ಸಾಲಾದರೂ ಇರಲಿ. ಕಳೆದ ವಾರದ ಲೇಖನದಲ್ಲಿ ಆರು ಪ್ರವಾಸಿ ತಾಣಗಳ ಹೆಸರಿತ್ತು, ಒಬ್ಬ ಗೀತರಚನೆಕಾರರ ಹೆಸರೂ ಇರಲಿಲ್ಲ.

ಸ್ಪರ್ಧೆಯ ಆಯೋಜಕರು ಮುಂದಿನ ವರ್ಷವೂ ತೀರ್ಪುಗಾರನಾಗಿ ಬರಬೇಕೆಂದು ವಿಶ್ವಾಸದಿಂದ ಕೇಳಿದ್ದಾರೆ. ಅಂಕಪಟ್ಟಿಯನ್ನು ಒಂದು ತಿಂಗಳು ಮೊದಲೇ ಕಳುಹಿಸಿಕೊಡಿ ಎಂದು ಉತ್ತರ ಬರೆದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ವಿಡಿಯೋಗ್ರಾಫರ್, ಶಿವಮೊಗ್ಗ
(ಹೆಸರು ಪ್ರಕಟಿಸುವುದು ಬೇಡವೆಂದು ವಿನಂತಿ)