ಫಲಿತಾಂಶದ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ

750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಸ್ಪ್ರಿಂಟ್ ಟ್ರಯಥ್ಲಾನ್ ಮುಗಿದ ಮೇಲೆ ಬರುವ ಫಲಿತಾಂಶದ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಐದು ಸಮಯಗಳಿರುತ್ತವೆ: ಈಜು, ಮೊದಲ ಟ್ರಾನ್ಸಿಷನ್ (ಈಜಿನಿಂದ ಸೈಕಲ್‌ಗೆ ಬದಲಾಗುವ ಹೊತ್ತು), ಸೈಕಲ್, ಎರಡನೇ ಟ್ರಾನ್ಸಿಷನ್ (ಸೈಕಲ್‌ನಿಂದ ಓಟಕ್ಕೆ), ಓಟ. ಆ ಐದರಲ್ಲಿ ಒಂದೂ ಒಬ್ಬರದೇ ದುಡಿಮೆಯಲ್ಲ. ಹವ್ಯಾಸಕ್ಕೆಂದು ಅಭ್ಯಾಸ ಶುರುಮಾಡಿ ಗೆರೆ ದಾಟಿದ ನಮ್ಮೆಲ್ಲರ ಪರವಾಗಿ ಈ ಬರಹ, ಆ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ. ‘ಎಲ್ಲರಿಗೂ ಧನ್ಯವಾದ’ ಎಂದು ಒಂದೇ ಸಾಲಿನಲ್ಲಿ ಮುಗಿಸಲು ಮನಸ್ಸು ಒಪ್ಪುತ್ತಿಲ್ಲ. ಯಾರು ಏನು ಮಾಡಿದರು, ಅದರಿಂದ ಯಾವ ಅನಾಹುತ ತಪ್ಪಿತು ಎಂಬುದನ್ನು ಬಿಡಿಸಿ ಹೇಳಿದರೆ, ಮುಂದಿನ ಸಲ ಮೊದಲ ಬಾರಿಗೆ ನೀರಿಗಿಳಿಯುವವರಿಗೂ ಉಪಯೋಗವಾದೀತು.

ಮೊದಲ ನಮಸ್ಕಾರ ಈಜು ಕೋಚ್‌ಗಳಿಗೆ. ಕೊಳದಲ್ಲಿ ಸಲೀಸಾಗಿ ಸಾವಿರ ಮೀಟರ್ ಈಜುವವರೂ ತೆರೆದ ನೀರಿನ ಮೊದಲ ನೂರು ಮೀಟರ್‌ನಲ್ಲೇ ನಿಂತುಬಿಡುತ್ತಾರೆ. ಅದಕ್ಕೆ ಕಾರಣ ತೋಳಿನ ಶಕ್ತಿಯಲ್ಲ, ಉಸಿರು. ತಣ್ಣೀರು ಮುಖಕ್ಕೂ ಎದೆಗೂ ತಾಗಿದೊಡನೆ ಉಸಿರು ತಾನಾಗಿಯೇ ಚಿಕ್ಕದಾಗುತ್ತದೆ, ಎದೆಬಡಿತ ಏರುತ್ತದೆ. ಈ ಆಘಾತ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ, ಆದರೆ ಅಷ್ಟರಲ್ಲಿ ಗಾಬರಿಬಿದ್ದು ಇನ್ನೂ ಜೋರಾಗಿ ಕೈ ಬೀಸಿದರೆ ಉಸಿರು ಪೂರ್ತಿ ಕೈಬಿಡುತ್ತದೆ. ಕೋಚ್‌ಗಳು ವಾರಗಟ್ಟಲೆ ಒಂದೇ ಮಾತು ಹೇಳಿದರು: ಸ್ಟಾರ್ಟ್‌ಗೆ ಮುಂಚೆ ನೀರಿಗಿಳಿದು ಮುಖ, ಕುತ್ತಿಗೆ ನೆನೆಸಿಕೊಳ್ಳಿ, ಮುಖ ನೀರಲ್ಲಿದ್ದಾಗ ಉಸಿರನ್ನು ಬಿಡುತ್ತಲೇ ಇರಿ, ಹಿಡಿದಿಡಬೇಡಿ, ತೀರಾ ಕಷ್ಟವಾದರೆ ಅಂಗಾತ ತೇಲಿ. ಹಿಡಿದಿಟ್ಟ ಉಸಿರನ್ನು ತಲೆ ಹೊರಳಿಸಿದ ಆ ಅರೆಕ್ಷಣದಲ್ಲಿ ಬಿಟ್ಟು, ಮತ್ತೆ ಒಳಗೆಳೆದುಕೊಳ್ಳಲು ಸಮಯ ಸಾಲದು. ಅದು ಗೊತ್ತಾದ ಮೇಲೆ ಅರ್ಧ ಭಯ ಹೋಗುತ್ತದೆ.

ದಿಕ್ಕು ನೋಡುವುದನ್ನು ಕಲಿಸಿದ್ದೂ ಅವರೇ. ಕೊಳದ ತಳದಲ್ಲಿ ಗೆರೆಯಿರುತ್ತದೆ, ಕೆರೆ ಅಥವಾ ಸಮುದ್ರದಲ್ಲಿ ಇರುವುದಿಲ್ಲ. ಆರೆಂಟು ಸ್ಟ್ರೋಕ್‌ಗೊಮ್ಮೆ ಮೊಸಳೆಯ ಹಾಗೆ ಕಣ್ಣಷ್ಟೇ ನೀರಿನ ಮೇಲೆ ಬರಬೇಕು. ತಲೆಯನ್ನು ಪೂರ್ತಿ ಎತ್ತಿದರೆ ಸೊಂಟ ಕೆಳಗಿಳಿದು ವೇಗ ಸಾಯುತ್ತದೆ. ಅಲೆಯ ನಡುವೆ ಬೂಯ್ (ದಾರಿ ತೋರಿಸಲು ನೀರಲ್ಲಿ ತೇಲಿಬಿಟ್ಟ ಗುರುತು) ಕಾಣದೇ ಹೋಗಬಹುದು, ಹಾಗಾಗಿ ಅದೇ ನೇರದಲ್ಲಿ ದಡದ ಮೇಲಿರುವ ಎತ್ತರದ ಮರವನ್ನೋ ಕಟ್ಟಡವನ್ನೋ ಮೊದಲೇ ಗುರುತಿಟ್ಟುಕೊಳ್ಳಬೇಕು. ಗಾಗಲ್ಸ್ ಪಟ್ಟಿ ಕ್ಯಾಪ್‌ನ ಒಳಗಿರಲಿ, ಯಾರದಾದರೂ ಕೈ ತಾಗಿದರೂ ಕಳಚಿಹೋಗುವುದಿಲ್ಲ. ಕೊನೆಯ 50 ಮೀಟರ್‌ನಲ್ಲಿ ಕಾಲು ಸ್ವಲ್ಪ ಜೋರಾಗಿ ಬಡಿಯಿರಿ, ಬೆರಳು ನೆಲ ಮುಟ್ಟುವವರೆಗೂ ಈಜಿ, ಆಮೇಲೆ ಏಳಿ. ಅಷ್ಟು ಹೊತ್ತು ಮಲಗಿದ ಭಂಗಿಯಲ್ಲಿದ್ದು ತಟ್ಟನೆ ಎದ್ದರೆ ತಲೆ ಸುತ್ತುತ್ತದೆ.

ಕಯಾಕ್ ಎಂಬ ಪುಟ್ಟ ದೋಣಿಗಳಲ್ಲಿ ಕೂತು ಕಾದ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಋಣ ದೊಡ್ಡದು. ಕೈಯೆತ್ತಿದರೆ ಬರುತ್ತೇವೆ, ಕಯಾಕ್ ಹಿಡಿದು ಸುಧಾರಿಸಿಕೊಳ್ಳಬಹುದು, ಅದರ ನೆರವಿನಿಂದ ಮುಂದಕ್ಕೆ ಸಾಗದಿದ್ದರೆ ಸ್ಪರ್ಧೆಯಿಂದ ಹೊರಗೆ ಹಾಕುವುದಿಲ್ಲ ಎಂದು ಬ್ರೀಫಿಂಗ್‌ನಲ್ಲಿ ಎರಡೆರಡು ಸಲ ಹೇಳಿದಿರಿ. ಆ ನಿಯಮ ಗೊತ್ತಿಲ್ಲದವರು ಅನರ್ಹರಾಗುವ ಹೆದರಿಕೆಯಿಂದ ಕೈಯೆತ್ತುವುದೇ ಇಲ್ಲ, ಅಪಾಯ ಇರುವುದೇ ಅಲ್ಲಿ. ಮೊದಲ ಬೂಯ್ ತಿರುವಿನಲ್ಲಿ, ಎಲ್ಲರೂ ಒಳಸುತ್ತು ಹಿಡಿಯಲು ನುಗ್ಗಿ ಒಬ್ಬರ ಕಾಲು ಇನ್ನೊಬ್ಬರ ಮುಖಕ್ಕೆ ಬಡಿಯುವ ಜಾಗದಲ್ಲೇ, ನೀವು ಹೆಚ್ಚು ಜನ ನಿಂತಿದ್ದಿರಿ.

ನೀರಿನ ಉಷ್ಣತೆ ಅಳೆದ ಅಧಿಕಾರಿಗಳಿಗೂ ವಂದನೆ. ಹವ್ಯಾಸಿಗಳ 750 ಮೀಟರ್ ಈಜಿಗೆ ನೀರು 22 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರಿನ ಈಜುಡುಗೆ) ಕೂಡದು ಎನ್ನುತ್ತದೆ ವರ್ಲ್ಡ್ ಟ್ರಯಥ್ಲಾನ್ ನಿಯಮ. ವೆಟ್‌ಸೂಟ್ ತೇಲಿಸುತ್ತದೆ ಎಂಬ ಧೈರ್ಯದಲ್ಲಿ ಬಂದವರಿಗೆ ಆ ಘೋಷಣೆ ಕಹಿಯೇ. ಆದರೆ ಬೆಚ್ಚಗಿನ ನೀರಲ್ಲಿ ಅದನ್ನು ತೊಟ್ಟು ಜೋರಾಗಿ ಈಜಿದರೆ ಮೈಯ ಬಿಸಿ ಹೊರಹೋಗಲು ದಾರಿಯಿರುವುದಿಲ್ಲ. ನೀರಿನಿಂದ ಹೊರಬಂದ ಕ್ಯಾಪ್‌ಗಳನ್ನು ಒಂದೊಂದಾಗಿ ಎಣಿಸಿದವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರ ಸಲುವಾಗಿ ಒಂದು ಮಾತು: ನಡುವೆ ಬಿಟ್ಟು ಹೊರಡುವವರು ಸಮಯ ದಾಖಲಿಸುವ ಚಿಪ್ ಬಿಚ್ಚಿಕೊಟ್ಟು, ಹೇಳಿಯೇ ಹೊರಡಬೇಕು. ಲೆಕ್ಕದಲ್ಲಿ ಒಂದು ತಲೆ ಕಡಿಮೆಯಾದರೂ ನೀರಿನಲ್ಲಿ ಹುಡುಕಾಟ ಶುರುವಾಗುತ್ತದೆ.

ಸೈಕಲ್ ಮೆಕ್ಯಾನಿಕ್‌ಗಳ ಬಗ್ಗೆ ಹೆಚ್ಚು ಬರೆಯಲೇಬೇಕು. ಸ್ಪರ್ಧೆಯ ಹಿಂದಿನ ದಿನ ಅವರ ಮುಂದಿದ್ದ ಸಾಲು ನೋಡಿದವರಿಗೆ ಗೊತ್ತು. ಕಾರಿನಲ್ಲಿ ಮಲಗಿಸಿ ತಂದ ಸೈಕಲ್‌ಗಳಲ್ಲಿ ಬಾಗುವುದು ಹಿಂದಿನ ಡಿರೇಲರ್ (ಚೈನ್ ಸರಿಸಿ ಗೇರ್ ಬದಲಿಸುವ ಭಾಗ) ನೇತುಹಾಕಿರುವ ಪುಟ್ಟ ಹ್ಯಾಂಗರ್. ಅದು ಕೆಲವೇ ಮಿಲಿಮೀಟರ್ ಒಳಕ್ಕೆ ಬಾಗಿದರೂ ಸಾಕು, ಏರಿನಲ್ಲಿ ಅತಿ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಹಾಕಿದಾಗ ಚೈನ್ ಅದನ್ನೂ ದಾಟಿ ಸ್ಪೋಕ್‌ಗಳ ಸಂದಿಗೆ ಬೀಳುತ್ತದೆ, ಡಿರೇಲರ್ ಕಿತ್ತುಬರುತ್ತದೆ. ಅನುಭವವಿಲ್ಲದವರು ಇಂಥ ಹೊತ್ತಲ್ಲಿ ಕೇಬಲ್ ಬಿಗಿ ಮಾಡುತ್ತಾ ಕೂರುತ್ತಾರೆ. ಈ ಮೆಕ್ಯಾನಿಕ್‌ಗಳು ಮೊದಲು ಸೈಕಲ್‌ನ ಹಿಂದೆ ಕೂತು ಹ್ಯಾಂಗರ್ ನೇರವಿದೆಯೇ ನೋಡಿ, ಸರಿಮಾಡಿ, ಆಮೇಲೆ ಡಿರೇಲರ್ ಮಿತಿ ದಾಟದಂತೆ ತಡೆಯುವ ಲಿಮಿಟ್ ಸ್ಕ್ರೂ, ಕೊನೆಗೆ ಕೇಬಲ್‌ಗೆ ಕೈಹಾಕಿದರು. ಕೇಬಲ್ ಸಹ ಅದರ ಬಿಗಿ ಹೊಂದಿಸುವ ತಿರುಪು ಬ್ಯಾರಲ್ ಅಡ್ಜಸ್ಟರ್‌ನಲ್ಲಿ ಒಮ್ಮೆಗೆ ಕಾಲು ಸುತ್ತು ಮಾತ್ರ. ಸರಿಯಾದ ಕ್ರಮ ಎಂದರೆ ಇದು.

ಚಕ್ರ ಬಿಚ್ಚಿ ಮತ್ತೆ ಹಾಕಿದವರ ಸೈಕಲ್‌ಗಳಲ್ಲಿ ಬ್ರೇಕ್ ಉಜ್ಜುವುದು ಮಾಮೂಲಿ. ಚಕ್ರ ಓರೆಯಾಗಿ ಕೂತಿರುತ್ತದೆ. ಸೈಕಲ್ಲನ್ನು ನೆಲದ ಮೇಲೆ ನಿಲ್ಲಿಸಿ, ಭಾರ ಬಿಟ್ಟು, ಆಮೇಲೆ ಚಕ್ರವನ್ನು ಬಿಗಿಹಿಡಿಯುವ ಕ್ವಿಕ್ ರಿಲೀಸ್ ಲಿವರ್ ಮುಚ್ಚಬೇಕು. ಲಿವರ್ ಅರ್ಧ ದಾರಿಯಲ್ಲೇ ಬಿಗಿಯಾಗಲು ಶುರುವಾಗಿ, ಪೂರ್ತಿ ಮುಚ್ಚುವಾಗ ಅಂಗೈಯಲ್ಲಿ ಅಚ್ಚು ಮೂಡುವಷ್ಟು ಬಲ ಕೇಳಬೇಕು. ಟೈರ್‌ನ ಪಕ್ಕದಲ್ಲಿ ಅಚ್ಚಾದ ದೊಡ್ಡ ಅಂಕಿ ಗರಿಷ್ಠ ಮಿತಿಯೇ ಹೊರತು ಅಷ್ಟು ಗಾಳಿ ತುಂಬಿಸಿ ಎಂದಲ್ಲ. 25 ಮಿ.ಮೀ. ಟೈರ್, 70 ಕಿಲೋ ಆಸುಪಾಸಿನ ಸವಾರ ಎಂದರೆ 80 ಪಿಎಸ್‌ಐ ಸುಮಾರಿಗೆ ಸಾಕು. ಅದಕ್ಕಿಂತ ಗಟ್ಟಿಯಾದರೆ ಒರಟು ರಸ್ತೆಯಲ್ಲಿ ಚಕ್ರ ಕುಪ್ಪಳಿಸುತ್ತದೆ, ಒದ್ದೆ ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಹ್ಯಾಂಡಲ್ ತುದಿಯ ಮುಚ್ಚಳ ಕಳಚಿಹೋದವರಿಗೆಲ್ಲ ಹೊಸದು ಹಾಕಿಕೊಟ್ಟರು. ಚಿಕ್ಕ ಪ್ಲಾಸ್ಟಿಕ್ ತುಂಡು ಎಂದು ಕಡೆಗಣಿಸುವ ಹಾಗಿಲ್ಲ, ಬಿದ್ದಾಗ ಮುಚ್ಚಳವಿಲ್ಲದ ಕೊಳವೆ ಮೈಯೊಳಗೆ ಹೊಕ್ಕುತ್ತದೆ. ಅದಕ್ಕೇ ಅದಿಲ್ಲದ ಸೈಕಲ್ ತಪಾಸಣೆಯಲ್ಲಿ ಪಾಸಾಗುವುದಿಲ್ಲ.

ಪಂಕ್ಚರ್ ಪಾಠ ಹೇಳಿಕೊಟ್ಟಿದ್ದಂತೂ ಮರೆಯಲಾಗದ ಉಪಕಾರ. ಹೊಸ ಟ್ಯೂಬ್ ಹಾಕುವ ಮುನ್ನ ಟೈರ್‌ನ ಒಳಮೈಯಲ್ಲಿ ಬೆರಳು ಮೆಲ್ಲಗೆ ಆಡಿಸಿ ಗಾಜನ್ನೋ ತಂತಿಯನ್ನೋ ತೆಗೆಯದಿದ್ದರೆ ಎರಡನೇ ಟ್ಯೂಬೂ ಅಲ್ಲೇ ತೂತಾಗುತ್ತದೆ, ಬಳಿ ಇರುವುದು ಅದೊಂದೇ. ಟ್ಯೂಬ್‌ಗೆ ಮೊದಲು ಆಕಾರ ಬರುವಷ್ಟು ಗಾಳಿ ಊದಿ ಕೂರಿಸಿದರೆ ಟೈರ್ ಅಂಚಿನಡಿ ಸಿಕ್ಕಿಕೊಳ್ಳುವುದಿಲ್ಲ. ಆಮೇಲೆ ವಾಲ್ವ್‌ನ ಬಳಿ ಒಮ್ಮೆ ಒಳಕ್ಕೆ ಒತ್ತಿ ನೋಡಿ, 16 ಗ್ರಾಂ ಗ್ಯಾಸ್ ಕಾರ್ಟ್ರಿಡ್ಜ್ ಬಿಡಬೇಕು. ಒಂದೇ ಕಾರ್ಟ್ರಿಡ್ಜ್, ಒಂದೇ ಅವಕಾಶ.

ಟ್ರಾನ್ಸಿಷನ್ ಜಾಗದ ಮಾರ್ಷಲ್‌ಗಳು ಕಟ್ಟುನಿಟ್ಟಾಗಿದ್ದರು ಎಂದು ಗೊಣಗಿದವರಿದ್ದಾರೆ. ಅವರ ಕಟ್ಟುನಿಟ್ಟಿಗೇ ನಮ್ಮ ಕೃತಜ್ಞತೆ. ರ‍್ಯಾಕ್‌ನಿಂದ ಸೈಕಲ್ ತೆಗೆಯುವ ಮೊದಲೇ ಹೆಲ್ಮೆಟ್ ಬಕಲ್ ಹಾಕಿರಬೇಕು, ಮರಳಿ ರ‍್ಯಾಕ್‌ಗೆ ಸೇರಿಸಿದ ಮೇಲೆಯೇ ಬಿಚ್ಚಬೇಕು. ಒದ್ದೆ ಕೈ, ಏರಿದ ಎದೆಬಡಿತ, ಮುಂದಿನವರು ಹೊರಟುಹೋದರೆಂಬ ಆತುರ, ಇವೆಲ್ಲ ಸೇರಿದಾಗ ಮೊದಲು ಮರೆಯುವುದು ಇದನ್ನೇ. ಹೆಲ್ಮೆಟ್ಟನ್ನು ಹ್ಯಾಂಡಲ್ ಮೇಲೆ ಒಳಭಾಗ ಮೇಲಕ್ಕೆ ಬರುವಂತೆ, ಪಟ್ಟಿಗಳನ್ನು ಹೊರಕ್ಕೆ ಇಳಿಬಿಟ್ಟು, ಕನ್ನಡಕವನ್ನು ಅದರೊಳಗೇ ಇಡಲು ತೋರಿಸಿಕೊಟ್ಟಿದ್ದು ಅವರೇ. ಖಾಲಿ ಇದ್ದಾಗ ನೀರಿನ ಕಡೆಯ ಬಾಗಿಲಿನಿಂದ ನಡೆದುಬಂದು ತಮ್ಮ ಸಾಲನ್ನು ಎಣಿಸಿಕೊಳ್ಳಿ ಎಂದೂ ಹೇಳಿದರು. ಪಕ್ಕದವರ ಕೆಂಪು ಸೈಕಲ್ ಗುರುತಿಟ್ಟುಕೊಂಡವರು ಓಟಕ್ಕೆ ಮರಳುವಾಗ ದಾರಿ ತಪ್ಪುತ್ತಾರೆ, ಏಕೆಂದರೆ ಆಗ ಆ ಸೈಕಲ್ ಅಲ್ಲಿರುವುದೇ ಇಲ್ಲ. ಸೈಕಲ್ ಹತ್ತುವ ಜಾಗ ಗುರುತಿಸುವ ಮೌಂಟ್ ಲೈನ್‌ನಲ್ಲಿ ನಿಂತವರು ‘ಗೆರೆ ದಾಟಿ, ಪಕ್ಕಕ್ಕೆ ಬನ್ನಿ, ಆಮೇಲೆ ಹತ್ತಿ’ ಎಂದು ಗಂಟಲು ಹರಿಯುವಂತೆ ಕೂಗಿದರು. ಗೆರೆಯ ಮೇಲೇ ನಿಂತು ಹತ್ತುವವರಿಗೆ ಹಿಂದಿನಿಂದ ಬಂದವರು ಡಿಕ್ಕಿ ಹೊಡೆಯುತ್ತಾರೆ. ಹಗುರ ಗೇರ್‌ನಲ್ಲಿ ಇಟ್ಟುಬಂದಿದ್ದರೆ ಮೊದಲ ತುಳಿತಕ್ಕೇ ಸೈಕಲ್ ಓಲಾಡದೆ ಹೊರಡುತ್ತದೆ.

ರಸ್ತೆಯ ಪ್ರತಿ ತಿರುವಿನಲ್ಲೂ ಬಾವುಟ ಹಿಡಿದು ನಿಂತವರಿಗೆ, ನಸುಕಿನಲ್ಲೇ ತಿರುವಿನ ಮರಳು ಗುಡಿಸಿದವರಿಗೆ ಶರಣು. ಮುಂದಿನ ಸೈಕಲ್ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಸಾಗುವುದು ನಿಷಿದ್ಧವಾದ ಸ್ಪ್ರಿಂಟ್ ಸ್ಪರ್ಧೆಯಲ್ಲಿ 10 ಮೀಟರ್ ಅಂತರ ಬಿಡಬೇಕು, ಆ ಅಂತರದೊಳಗೆ ನುಗ್ಗಿದರೆ 20 ಸೆಕೆಂಡ್‌ನಲ್ಲಿ ಹಿಂದೆ ಹಾಕಿ ಮುಂದೆ ಹೋಗಬೇಕು. ಬೈಕ್ ಮೇಲೆ ಬಂದ ರೆಫರಿಗಳು ಇದನ್ನು ನೋಡಿಕೊಂಡದ್ದರಿಂದಲೇ ನಿಧಾನವಾಗಿ ಸಾಗುವವರ ಹಿಂದೆ ಗುಂಪು ಕಟ್ಟಲಿಲ್ಲ. ಹೊಸಬರಿಗೆ ಗುಂಪಿಗಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಓಟದ ಕೋಚ್‌ಗಳಿಗೆ ಚಿಕ್ಕದಾಗಿ ಹೇಳಿದರೂ ತುಂಬುಮನಸ್ಸಿನಿಂದ ಹೇಳುತ್ತಿದ್ದೇವೆ. 15 ಕಿ.ಮೀ. ಸೈಕಲ್ ಹೊಡೆದು ಇಳಿದ ತಕ್ಷಣ 2 ಕಿ.ಮೀ. ಓಡುವ ಬ್ರಿಕ್ ಅಭ್ಯಾಸವನ್ನು ವಾರ ತಪ್ಪದೆ ಮಾಡಿಸಿದ್ದು ಅವರು. ಸೈಕಲ್ ಇಳಿದ ಮೇಲೆ ತೊಡೆ ತನ್ನದಲ್ಲ ಎನಿಸುವುದು ಸಹಜ, ಆದರೆ ಮೋಸ ಹೋಗುವುದು ವೇಗದ ಅಂದಾಜಿನಲ್ಲಿ. ಸೈಕಲ್ ವೇಗಕ್ಕೆ ಒಗ್ಗಿದ ಕಣ್ಣಿಗೆ ಓಟ ನಿಧಾನವೆನಿಸಿ ಮೊದಲ ಕಿಲೋಮೀಟರನ್ನೇ ಹುಚ್ಚಾಗಿ ಓಡಿಬಿಡುತ್ತಾರೆ, ನಾಲ್ಕನೆಯದರಲ್ಲಿ ನಡೆಯುತ್ತಾರೆ. ಸೈಕಲ್ಲಿನ ಕೊನೆಯ ಕಿಲೋಮೀಟರ್‌ನಲ್ಲಿ ಗೇರ್ ಹಗುರ ಮಾಡಿ, ಓಟದ ಮೊದಲ ಕಿಲೋಮೀಟರ್ 15-20 ಸೆಕೆಂಡ್ ನಿಧಾನವಿರಲಿ, ಹೆಜ್ಜೆ ಚಿಕ್ಕದಿರಲಿ. ಹೇಳಿದ್ದು ಇಷ್ಟೇ, ಆದರೆ ಇಡೀ ಓಟ ನಿಂತದ್ದು ಇದರ ಮೇಲೆ.

ನೀರಿನ ಟೇಬಲ್‌ನಲ್ಲಿದ್ದ ಮಕ್ಕಳೇ, ಲೋಟ ಅರ್ಧವಷ್ಟೇ ತುಂಬಿದ್ದಿರಿ, ‘ನೀರು’, ‘ಎಲೆಕ್ಟ್ರೋಲೈಟ್’ ಎಂದು ಕೂಗಿ ಹೇಳುತ್ತಿದ್ದಿರಿ, ಅಂಗೈ ಚಾಚಿ ಅದರ ಮೇಲೆ ಲೋಟ ಇಟ್ಟುಕೊಂಡಿದ್ದಿರಿ. ತುಂಬಿದ ಲೋಟ ಕೈಗೆ ಬರುವಷ್ಟರಲ್ಲಿ ಮೂಗಿಗೆ ಚೆಲ್ಲುತ್ತದೆ. ಕೂಗದಿದ್ದರೆ ತಲೆಗೆ ಸುರಿದುಕೊಂಡದ್ದು ಸಕ್ಕರೆ ನೀರಾಗಿರುತ್ತದೆ. ಕಾಗದದ ಲೋಟದ ಬಾಯಿ ಚಿವುಟಿ ಕೊಕ್ಕಿನಂತೆ ಮಾಡಿ ಕುಡಿಯಿರಿ ಎಂದು ಹೇಳಿಕೊಟ್ಟ ಪುಟ್ಟ ಹುಡುಗಿಗೆ ಬೇರೆಯದೇ ಥ್ಯಾಂಕ್ಸ್.

ಗೆರೆ ದಾಟಿದ ತಕ್ಷಣ ಕೂರಲು ಬಿಡದೆ ತೋಳು ಹಿಡಿದು ನಡೆಸಿದ ವೈದ್ಯರಿಗೆ, ನರ್ಸ್‌ಗಳಿಗೆ ನಮಸ್ಕಾರ. ಓಡುವಾಗ ಕಾಲಿನ ಸ್ನಾಯುಗಳೇ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ತಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು, ಒತ್ತಡ ಇಳಿದು, ನಿಂತಲ್ಲೇ ಕುಸಿಯುತ್ತಾರೆ. ಹಾಗೆ ಕುಸಿದವರನ್ನು ಮಾತ್ರ ಮಲಗಿಸಿ, ಕಾಲು ಎತ್ತರಕ್ಕಿಟ್ಟರು. ಕಟ್ಟಕಡೆಯವರು ಬರುವ ತನಕ ಗಡಿಯಾರ ನಿಲ್ಲಿಸದ ಸಂಘಟಕರಿಗೆ, ಅವರ ಹಿಂದೆಯೇ ಸದ್ದಿಲ್ಲದೆ ಬಂದ, ಎಲ್ಲರ ಕೊನೆಗೆ ಸಾಗುವ ಸ್ವೀಪ್ ವಾಹನದ ಚಾಲಕರಿಗೆ ಕೂಡ.

ಈ ಆಟ ಹುಟ್ಟಿದ್ದೂ ಕ್ಲಬ್‌ನವರ ಕೈಯಲ್ಲೇ. 1974ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯಾಗೋದ ಮಿಷನ್ ಬೇಯಲ್ಲಿ ಓಟದ ಕ್ಲಬ್ಬೊಂದು ಮೊದಲ ಟ್ರಯಥ್ಲಾನ್ ನಡೆಸಿತು. 2000ದ ಸಿಡ್ನಿಯಲ್ಲಿ ಅದು ಒಲಿಂಪಿಕ್ಸ್ ಸೇರಿತು. ಆದರೆ ಹವ್ಯಾಸಿಗಳ ಸ್ಪರ್ಧೆ ಇವತ್ತಿಗೂ ನಡೆಯುವುದು ರಜಾದಿನ ಬಿಟ್ಟುಕೊಟ್ಟು ಬರುವವರ ಬಲದಿಂದ. ಮನೆಯವರೂ ಅದರಲ್ಲಿ ಸೇರಿದರು. ಬೆಳಗಿನ ಅಲಾರಾಂ ಸಹಿಸಿದ್ದಕ್ಕೆ, ಒದ್ದೆ ಬಟ್ಟೆಯ ರಾಶಿ ಒಗೆದದ್ದಕ್ಕೆ ಅವರಿಗೆ ಎಷ್ಟು ಹೇಳಿದರೂ ಕಡಿಮೆಯೇ.

ಸಂಘಟಕರೇ, ಮುಂದಿನ ಸ್ಪರ್ಧೆಗೆ ನಮ್ಮಲ್ಲಿ ಒಂದಷ್ಟು ಜನ ಓಡುವುದಿಲ್ಲ, ನಿಮ್ಮ ಜೊತೆ ನಿಲ್ಲುತ್ತೇವೆ. ಮೌಂಟ್ ಲೈನ್‌ಗೆ ಇಬ್ಬರು, ನೀರಿನ ಟೇಬಲ್‌ಗೆ ನಾಲ್ವರು, ನಸುಕಿನಲ್ಲಿ ತಿರುವು ಗುಡಿಸಲು ಮೂವರು. ಈಜಿನಲ್ಲಿ ಗಟ್ಟಿಯಾದವರಿಗೆ ಕಯಾಕ್ ತರಬೇತಿ ಯಾವಾಗ ಶುರುವೆಂದು ತಿಳಿಸಿ, ಹೆಸರು ಬರೆಸುತ್ತೇವೆ.