ಹೆಸರು ನೋಡಿ ಕೋಚ್ ಆಯ್ಕೆ ಬೇಡ

ಮಾನ್ಯರೇ,

ಬೆಳಗಾವಿಯಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕೋಚ್ ಹುಡುಕುವ ಪಾಲಕರು ಮೊದಲು ಕೇಳುವುದು, ‘ಅವರು ಎಲ್ಲೀತನ ಆಡ್ಯಾರ?’ ಎಂದು. ಅದೊಂದೇ ಪ್ರಶ್ನೆ ಸಾಲದು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತ ತಂಡಗಳ ಕೋಚ್ ಸೈಯದ್ ಅಬ್ದುಲ್ ರಹೀಮ್, ಹೈದರಾಬಾದಿನಲ್ಲಿ ಶಾಲಾ ಶಿಕ್ಷಕರಾಗಿದ್ದವರು. ಇಟಲಿಯ ಕೋಚ್ ಅರಿಗೊ ಸಾಕಿ ವೃತ್ತಿಪರ ಆಟಗಾರರೇ ಆಗಿರಲಿಲ್ಲ, ಆದರೂ ಅವರು ತರಬೇತಿ ಕೊಟ್ಟ ಎ.ಸಿ. ಮಿಲಾನ್ ಕ್ಲಬ್ 1989, 1990ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. ಅದೇ ಮಹಾನ್ ಆಟಗಾರ ಮರಡೋನಾ ಕೋಚ್ ಆಗಿದ್ದಾಗ ಅರ್ಜೆಂಟೀನಾ 2010ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿಗೆ 0–4ರಿಂದ ಸೋತಿತು. ಫ್ರಾನ್ಸಿನ ದೊಡ್ಡ ಆಟಗಾರ ಜಿದಾನ್ ಕೋಚ್ ಆಗಿಯೂ ಗೆದ್ದರು, ನಿಜ. ಆದರೆ ಅದಕ್ಕೂ ಮೊದಲು ಸಹಾಯಕ ಕೋಚ್ ಆಗಿ, ಬಳಿಕ ರಿಯಲ್ ಮ್ಯಾಡ್ರಿಡ್‌ನ ಎರಡನೇ ತಂಡದೊಂದಿಗೆ ಕೆಲಸ ಕಲಿತಿದ್ದರು.

ಪ್ರತಿಭಾವಂತನಿಗೆ ಚೆಂಡಿನ ಹಿಡಿತ ಯೋಚಿಸದೆಯೇ ಬರುತ್ತದೆ. ಹೀಗಾಗಿ ಮಗುವಿನ ಪಾಸ್ ತಪ್ಪಿದಾಗ ‘ಹಿಂಗ ಹೊಡಿ’ ಎಂದು ತಾನೇ ಹೊಡೆದು ತೋರಿಸುತ್ತಾನೆ. ಊರಿದ ಕಾಲು ಚೆಂಡಿನಿಂದ ದೂರವಿತ್ತು, ಹೊಡೆಯುವ ಕಾಲಿನ ಪಾದದ ಕೀಲು ಸಡಿಲಾಗಿತ್ತು, ಪಾಸ್ ಕೊಡುವ ಮುನ್ನ ತಲೆಯೆತ್ತಿ ನೋಡಿರಲಿಲ್ಲ ಎಂದು ಬಿಡಿಸಿ ಹೇಳುವುದು ಬೇರೆಯೇ ವಿದ್ಯೆ.

ಪಾಲಕರು ಒಂದು ತಾಸು ಮೈದಾನದ ಅಂಚಿನಲ್ಲಿ ನಿಂತು ನೋಡಲಿ. 16 ಮಕ್ಕಳು ಸಾಲಿನಲ್ಲಿ ನಿಂತು ಒಂದೇ ಚೆಂಡಿಗೆ ಕಾಯುತ್ತಿದ್ದರೆ ಕೋಚ್ ಎಷ್ಟೇ ದೊಡ್ಡ ಆಟಗಾರನಾಗಿದ್ದರೂ ಆ ತಾಸು ದಂಡ. ಅದೇ ಮಕ್ಕಳನ್ನು ನಾಲ್ವರಂತೆ ನಾಲ್ಕು ತಂಡ ಮಾಡಿ, 30 ಮೀಟರ್ ಉದ್ದ, 20 ಮೀಟರ್ ಅಗಲದ ಎರಡು ಅಂಕಣಗಳಲ್ಲಿ ಆಡಿಸಿದರೆ ಪ್ರತಿಯೊಬ್ಬರಿಗೂ ಮತ್ತೆ ಮತ್ತೆ ಚೆಂಡು ಸಿಗುತ್ತದೆ. 12 ವರ್ಷದೊಳಗಿನವರಿಗೆ 4ನೇ ಸೈಜಿನ ಚೆಂಡು ಸಾಕು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೋಚ್‌ಗಳಿಗೆ ಕೊಡುವ ಆರಂಭಿಕ ಹಂತದ ‘ಡಿ’ ಲೈಸೆನ್ಸ್ ಆದರೂ ಇದೆಯೇ ಎಂದು ಕೇಳಲು ಸಂಕೋಚ ಬೇಡ.

– ಫುಟ್‌ಬಾಲ್ ಆಸಕ್ತರು, ಟಿಳಕವಾಡಿ, ಬೆಳಗಾವಿ