ಪೆನ್ಸಿಲ್ ರಬ್ಬರಿನಿಂದ ಕಂಪ್ಯೂಟರ್ ಸರಿ ಮಾಡಿಕೊಟ್ಟ ಅಣ್ಣನಿಗೆ ಥ್ಯಾಂಕ್ಸ್

ಹೆಸರು ಕೇಳುವಷ್ಟರಲ್ಲಿ ಹೊರಟುಬಿಟ್ಟಿರಲ್ಲ ಅಣ್ಣಾ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಲಬುರಗಿಯಲ್ಲಿ ನಮ್ಮ ಪಕ್ಕದ ಮನೆಗೆ ನೆಂಟರಾಗಿ ಬಂದವರು ನೀವು.

ಆನ್ ಮಾಡಿದರೆ ಬೀಪ್ ಬೀಪ್ ಸದ್ದು, ಸ್ಕ್ರೀನ್ ಪೂರ್ತಿ ಕಪ್ಪು. ಅಂಗಡಿಯವರು ಮದರ್‌ಬೋರ್ಡೇ ಹೋಗಿದೆ ಅಂದಿದ್ದರು. ಮಗಳ ಪರೀಕ್ಷೆ ಬೇರೆ ಹತ್ತಿರ. ನೀವು ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿ, ರ‍್ಯಾಮ್ ಅನ್ನುವ ಮೆಮೊರಿ ಪಟ್ಟಿಯನ್ನು ಹೊರಗೆ ತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಅವಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒಂದಿಷ್ಟೂ ಉಳಿಯದ ಹಾಗೆ ಒರೆಸಿ, ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿ ಕೂರಿಸಿದಿರಿ. ಸ್ಕ್ರೀನ್ ಬಂತು! ಮಗಳು ಕುಣಿದಾಡಿಬಿಟ್ಟಳು.

ಅಷ್ಟಕ್ಕೇ ಬಿಡಲಿಲ್ಲ ನೀವು. ನಮ್ಮೂರಿನ ಬಿಸಿಲು, ಧೂಳು ಗೊತ್ತಲ್ವಾ, ಒಳಗಿನ ಫ್ಯಾನಿನ ಮೇಲೆ ಧೂಳು ಗಟ್ಟಿಯಾಗಿ ಕೂತಿತ್ತು. ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡಿದು ಒಣ ಬ್ರಷ್‌ನಲ್ಲಿ ತೆಗೆದಿರಿ. ಬಿಸಿಯಾಗಿ ತಾನಾಗೇ ಆಫ್ ಆಗುತ್ತಿದ್ದುದು ಅವತ್ತಿನಿಂದ ನಿಂತಿದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸ್ಟಾರ್ಟಪ್‌ನಲ್ಲಿ ಆನ್ ಆದ ಕೂಡಲೇ ತಾನಾಗೇ ಶುರುವಾಗುವ ಬೇಡದ ಪ್ರೋಗ್ರಾಂಗಳನ್ನೆಲ್ಲ ಡಿಸೇಬಲ್ ಮಾಡುವುದನ್ನೂ ಮಗಳ ಕೈಯಲ್ಲೇ ಮಾಡಿಸಿದಿರಿ. ನನಗೆ ಜಾಸ್ತಿ ಖುಷಿಯಾಗಿದ್ದು ಅದೇ. ಈಗ ಓಣಿಯ ಮಕ್ಕಳಿಗೆಲ್ಲ ಅವಳೇ ಹೇಳಿಕೊಡುತ್ತಾಳೆ. ‘ಮೊದಲು ಪ್ಲಗ್ ತೆಗೀರಿ’ ಅಂತ ನಿಮ್ಮ ಹಾಗೇ ಗದರುತ್ತಾಳೆ ಕೂಡ.

ದುಡ್ಡು ಕೊಟ್ಟರೆ ಮುಟ್ಟಲಿಲ್ಲ, ಚಹಾ ಮಾತ್ರ ಕುಡಿದಿರಿ. ಮುಂದಿನ ಸಲ ಬಂದಾಗ ನಮ್ಮ ಮನೆಯಲ್ಲೇ ಊಟ ಮಾಡಬೇಕು ಅಣ್ಣಾ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿಡುತ್ತೇವೆ.